ಹಂಪೆ ಅತ್ತ ಹೋಯಿತು, ಕುರುಗೋಡು ಇಲ್ಲೇ ಇದೆ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾದಾಗ ಹಂಪೆಯ ಹಿಂದೆಯೇ ಬಾಗಳಿ, ಮಾಗಳ, ಹಿರೇಹಡಗಲಿಯ ಚಾಲುಕ್ಯ ಗುಡಿಗಳೂ ನಮ್ಮ ಕೈಬಿಟ್ಟವು. ಪುರಾತತ್ತ್ವಜ್ಞ ಅಲೆಕ್ಸಾಂಡರ್ ರೀ 1896ರಲ್ಲೇ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕಕ್ಕೆ ಬಳ್ಳಾರಿ ಜಿಲ್ಲೆಯ ಗುಡಿಗಳನ್ನು ಆರಿಸಿಕೊಂಡಿದ್ದ. ಅಂಥ ಜಿಲ್ಲೆಯಲ್ಲಿ ಈಗ ನೋಡಲಿಕ್ಕೆ ಏನುಳಿದಿದೆ ಅನ್ನುವವರಿದ್ದಾರೆ. ಅಶೋಕನ ಹೆಸರನ್ನೇ ಹೊತ್ತ ನಿಟ್ಟೂರು, ಉಡೇಗೋಳದ ಶಾಸನಗಳಿವೆ. ಸಂಗನಕಲ್ಲು, ತೆಕ್ಕಲಕೋಟೆಯ ನವಶಿಲಾಯುಗದ ನೆಲೆಗಳಿವೆ. ಕುರುಗೋಡಂತೂ ಒಂದು ರಾಜಧಾನಿಯೇ ಆಗಿತ್ತು.

ಹನ್ನೆರಡನೇ ಶತಮಾನದಲ್ಲಿ ಇಲ್ಲಿದ್ದವರು ಸಿಂದರು. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿ ಬಲ್ಲಕುಂದೆ-300 ನಾಡನ್ನು ಆಳಿದರು. ರಾಚಮಲ್ಲನಂಥ ಅರಸರ ಹೆಸರು ಊರಿನ ಶಾಸನಗಳಲ್ಲೇ ಇದೆ. ಸುತ್ತಲೂ ಬಂಡೆಗುಡ್ಡಗಳು, ಮೇಲೆ ಕೋಟೆ, ಕೆಳಗೆ ಹಳೆಯ ಗುಡಿಗಳು. ಇಲ್ಲಿನ ದೊಡ್ಡಬಸವೇಶ್ವರನಂತೂ ಅಪರೂಪದ ದೇವರು. ಬೇರೆಡೆ ಶಿವನ ಮುಂದೆ ಕಾವಲು ಕೂರುವ ಬಸವಣ್ಣ ಇಲ್ಲಿ ತಾನೇ ಮೂಲಮೂರ್ತಿ. ಹನ್ನೆರಡು ಅಡಿಯಷ್ಟು ಎತ್ತರದ ಏಕಶಿಲೆ. ಹೋಳಿ ಹುಣ್ಣಿಮೆಯ ತೇರಿಗೆ ಸೀಮೆಯ ಹಳ್ಳಿಗಳೆಲ್ಲ ಬಂದು ಸೇರುತ್ತವೆ.

ದೊಡ್ಡಬಸವನ ಚಿಂತೆ ನನಗಿಲ್ಲ, ಭಕ್ತರಿದ್ದಾರೆ. ಪೂಜೆ ನಿಂತ ಗುಡಿಗಳದ್ದೇ ಚಿಂತೆ. ಬಳ್ಳಾರಿ ಸೀಮೆಯಲ್ಲಿ ಅಂಥ ಗುಡಿಗೆ ಇಬ್ಬರು ಶತ್ರುಗಳು. ಒಬ್ಬ ನಿಧಿಯಾಸೆಗೆ ಗರ್ಭಗುಡಿ ಅಗೆಯುವವನು, ಅವನನ್ನು ಪೊಲೀಸರು ಹಿಡಿದಾರು. ಇನ್ನೊಬ್ಬ ಒಳ್ಳೆಯ ಮನಸ್ಸಿನವನೇ: ಜೀರ್ಣೋದ್ಧಾರವೆಂದು ಸಿಮೆಂಟು, ಎನಾಮೆಲ್ ಬಣ್ಣದ ಡಬ್ಬ ಹಿಡಿದು ಬರುತ್ತಾನೆ. ಚಾಲುಕ್ಯರ ಕಾಲದ ಗುಡಿಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತು ನಿಂತವು. ಸಂದಿಗೆ ಸಿಮೆಂಟು ತುಂಬಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ, ಉಪ್ಪು ಕಟ್ಟಿ, ಕಲ್ಲಿನ ಮೈ ಪದರ ಪದರವಾಗಿ ಏಳುತ್ತದೆ. ಬಣ್ಣ ತುಂಬಿದ ಶಾಸನವನ್ನು ಓದುವುದೇ ಕಷ್ಟ. ಇದನ್ನು ತಡೆಯುವವರು ಊರವರೇ ಆಗಬೇಕು.

ಸರಿಯಾದ ದಾರಿ ಗೊತ್ತಿಲ್ಲದ್ದೇನಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ ನೂರಾರು ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಖರ್ಚಿನಲ್ಲಿ ಸರ್ಕಾರದ್ದು ಶೇ 40, ಟ್ರಸ್ಟಿನದು ಶೇ 40, ಊರಿನದು ಶೇ 20. ತೇರಿಗೆ ಕೈಬಿಚ್ಚಿ ಕೊಡುವ ಕುರುಗೋಡಿಗೆ ಆ ಪಾಲು ಭಾರವೇ?

ಕುರುಗೋಡು ಈಗ ತಾಲ್ಲೂಕು ಕೇಂದ್ರ. ಬಡಾವಣೆಗಳು ಬೆಳೆಯುತ್ತವೆ, ಬೆಳೆಯಲಿ. ಆದರೆ ಲೇಔಟಿನ ನಕ್ಷೆಗೆ ಸಹಿ ಬೀಳುವ ಮೊದಲು ಪುರಸಭೆ ಪ್ರತಿ ಗುಡಿ, ಪ್ರತಿ ಶಾಸನ, ಪ್ರತಿ ವೀರಗಲ್ಲನ್ನು ಸರ್ವೆ ನಂಬರಿನೊಂದಿಗೆ ಪಟ್ಟಿ ಮಾಡಿ ಪುರಾತತ್ತ್ವ ಇಲಾಖೆಗೆ ಕೊಡಲಿ. ಸಿಂದರ ಶಾಸನಗಳಲ್ಲಿ ಏನಿದೆಯೆಂದು ತಿಳಿಗನ್ನಡದಲ್ಲಿ ಬರೆಸಿ ಆಯಾ ಗುಡಿಯ ಮುಂದೆ ಫಲಕ ಹಾಕಲಿ. ಶಾಲೆಯ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ಮೇಷ್ಟ್ರುಗಳು ಆ ಪ್ರವಾಸದ ಹಿಂದಿನ ದಿನ ಅರ್ಧ ದಿನವನ್ನು ಹಳೇ ಕುರುಗೋಡಿನ ಗುಡಿಗಳಿಗೆ ಕೊಡಲಿ, ನಡೆದೇ ಹೋಗಬಹುದು. ಪಟ್ಟಿಯ ಕೆಲಸವಂತೂ ಬರುವ ಹೋಳಿ ಹುಣ್ಣಿಮೆಯ ತೇರಿಗೆ ಮುಂಚೆಯೇ ಮುಗಿಯಬೇಕು.