ಅಂಗಿಯ ಹೊಲಿಗೆ ಚುಚ್ಚುವ ಮಗನಿಗೆ ಯಾವ ಚಿಕಿತ್ಸೆ?

ಸಿಂದಗಿ ತಾಲ್ಲೂಕಿನ ಯಂಕಂಚಿಯಿಂದ ಒಬ್ಬ ತಾಯಿ ಬರೆದ ಪತ್ರ ಈ ಸಲದ ಅಂಕಣಕ್ಕೆ ಕಾರಣ. ಮಗನಿಗೆ ಆರು ವರ್ಷ. ಮೊಹರಂ ಹಲಗಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಜೋಳದ ಚೀಲಗಳ ಸಂದಿಯಲ್ಲಿ ಹೋಗಿ ಕೂರುತ್ತಾನೆ. ಹೊಸ ಅಂಗಿ ಹಾಕಿದರೆ ಹೊಲಿಗೆ ಚುಚ್ಚುತ್ತದೆಂದು ಕಿತ್ತೊಗೆಯುತ್ತಾನೆ. ತಲೆಗೆ ಎಣ್ಣಿ ಹಚ್ಚಲು ಹೋದರೆ ಓಣಿಗೆಲ್ಲ ಕೇಳುವಂತೆ ಒದರುತ್ತಾನೆ. ಮೊಸರನ್ನ, ಒಣ ರೊಟ್ಟಿ ಬಿಟ್ಟರೆ ಬೇರೇನನ್ನೂ ಬಾಯಿಗಿಡುವುದಿಲ್ಲ. "ಮಾತು ಚಲೋ ಆಡ್ತಾನ್ರಿ, ಲೆಕ್ಕಾನೂ ಬರ್ತಾವ. ಆದ್ರ ಮಂದಿ ಹುಚ್ಚ ಅಂತಾರ್ರಿ ಅಕ್ಕಾರ" ಎಂದು ಬರೆದಿದ್ದಾರೆ. ಅತ್ತೆಯವರು ಬರಿ ಹಾಕಿಸೋಣ ಎನ್ನುತ್ತಾರೆ. ಮೈದುನ ಯಾರೋ ಕಿವಿಯಲ್ಲಿ ಸಂಗೀತ ಕೇಳಿಸಿ ಗುಣ ಮಾಡುತ್ತಾರೆಂದು ವಿಳಾಸ ತಂದಿದ್ದಾನೆ. ಓದಿದ ತಂಗಿ ವಾಟ್ಸಾಪ್‌ನಲ್ಲಿ ಭಾರದ ಕಂಬಳಿಯ ಚಿತ್ರ ಕಳಿಸಿದ್ದಾಳೆ. "ಯಾವ್ದು ಖರೇ, ಯಾವ್ದು ಸುಳ್ಳು, ನೀವರ ಹೇಳ್ರಿ."

ತಂಗೀ, ನಾನು ವೈದ್ಯೆಯಲ್ಲ. ಆದರೆ ಈ ವಿಷಯದಲ್ಲಿ ಓದಿದ್ದೇನೆ, ಇಂಥ ಮಕ್ಕಳ ತಾಯಂದಿರ ಜೊತೆ ಕೂತು ಮಾತಾಡಿದ್ದೇನೆ. ಮೊದಲು ಒಂದು ಮಾತು: ನಿಮ್ಮ ಮಗ ಹಟ ಮಾಡುತ್ತಿಲ್ಲ. ನಮಗೆ ಹಲಗಿ ಸದ್ದು ಎಷ್ಟಿರುತ್ತದೋ ಅವನಿಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ 1972ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಕಣ್ಣು, ಕಿವಿ, ಚರ್ಮಗಳ ಜೊತೆ ಒಳಗಿವಿಯ ಸಮತೋಲನ, ಕೀಲು-ಸ್ನಾಯುಗಳಿಂದ ಬರುವ ಒತ್ತಡದ ಅರಿವು, ಇವನ್ನೆಲ್ಲ ಮೆದುಳು ಕೂಡಿಸಿಕೊಳ್ಳುವಲ್ಲಿ ತೊಡಕಾದರೆ ಮಗು ಹೀಗೆ ವರ್ತಿಸುತ್ತದೆ ಎಂದು ಅವರ ವಾದ. ಜೋಕಾಲಿ, ದೊಡ್ಡ ಚೆಂಡು, ತಳ್ಳುವ-ಎಳೆಯುವ ಆಟಗಳಿಂದ ಥೆರಪಿ ಮಾಡುವ ಪದ್ಧತಿ ಅಲ್ಲಿಂದ ಬಂತು.

ಇದನ್ನೇ ಬೇರೆ ರೋಗವೆಂದು ಕರೆಯಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ, ಇದನ್ನು ಪ್ರತ್ಯೇಕ ಕಾಯಿಲೆಯ ಹೆಸರಾಗಿ ಬಳಸುವುದು ಬೇಡ, ಥೆರಪಿ ಕೊಡಬಹುದು, ಆದರೆ ಪುರಾವೆ ಕಡಿಮೆ ಇದೆಯೆಂದು ಪಾಲಕರಿಗೆ ಹೇಳಿ ಎಂದು ತಿಳಿಸಿತು. 2013ರಲ್ಲಿ ಬಂದ ಡಿಎಸ್ಎಂ-5 ಎಂಬ ರೋಗಪಟ್ಟಿಯಲ್ಲೂ ಇದು ಬೇರೆ ರೋಗವಾಗಿಲ್ಲ. ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿದೆ. ಹಾಗಾಗಿ ಮಾತು ಚಲೋ ಆಡ್ತಾನೆ ಅಂತ ಬಿಡಬೇಡಿ. ಕಿವಿ, ಕಣ್ಣು ಪರೀಕ್ಷೆ ಆಗಲಿ, ಆಟಿಸಂ ಇದೆಯೋ ಇಲ್ಲವೋ ನೋಡಿಸಿ. ಚೆನ್ನಾಗಿ ಮಾತಾಡುವ ಮಕ್ಕಳಲ್ಲೂ ಆಟಿಸಂ ಇರುತ್ತದೆ.

ಎಲ್ಲಿ ನೋಡಿಸೋದು? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರು ಬಂದ ದಿನ ಮಗನನ್ನು ಶಾಲೆ ಬಿಡಿಸಬೇಡಿ (ಹೆದರಿ ಮನೆಯಲ್ಲಿ ಇಟ್ಟುಕೊಳ್ಳುವ ತಾಯಂದಿರನ್ನು ಕಂಡಿದ್ದೇನೆ). ಮುಂದಿನ ತಪಾಸಣೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಅದಕ್ಕಿಂತ ಆಚೆ ಹೋಗಬೇಕಾದರೆ ನಿಮಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮೈಸೂರಿನಲ್ಲಿ 1965ರಿಂದ ನಡೆದಿರುವ ವಾಕ್ ಶ್ರವಣ ಸಂಸ್ಥೆ ಒಳ್ಳೆಯದೇ, ಆದರೆ ದೂರ.

ಇನ್ನು ಮನೆಯವರು ಹೇಳುತ್ತಿರುವ ಉಪಾಯಗಳು.

ಬರಿ ಬೇಡವೇ ಬೇಡ. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಬಟ್ಟೆ ತಾಗಿದರೇ ನೋಯುವ ಮಗುವಿಗೆ ಕಾದ ಕಬ್ಬಿಣ ಮುಟ್ಟಿಸಿದರೆ ಗಾಯ ಕೀವಾಗುತ್ತದೆ, ಅದರ ಜೊತೆ ಅವನು ನಿಮ್ಮ ಕೈಯನ್ನೇ ನಂಬದಂತಾಗುತ್ತಾನೆ.

ಸಂಗೀತದ ಹೆಡ್‌ಫೋನ್ ಚಿಕಿತ್ಸೆಯ ಬಗ್ಗೆ ಹಲವಾರು ಅಧ್ಯಯನಗಳಾಗಿವೆ, ಗುಣವಾಗುತ್ತದೆಂದು ಹೇಳುವಷ್ಟು ಪುರಾವೆ ಸಿಕ್ಕಿಲ್ಲ. ಹಾಡು ಕೇಳಿಸಿದರೆ ಹಾನಿಯಿಲ್ಲ. ಅದಕ್ಕೆ ದನ ಮಾರಿ ರೊಕ್ಕ ಕಟ್ಟುವುದು ಹಾನಿ.

ಭಾರದ ಕಂಬಳಿಯ ಕತೆ ಸ್ವಾರಸ್ಯದ್ದು. ಟೆಂಪಲ್ ಗ್ರಾಂಡಿನ್ ಎಂಬ ಆಟಿಸಂ ಇರುವ ಅಮೆರಿಕದ ಹೆಣ್ಣುಮಗಳು, ಹುಡುಗಿಯಾಗಿದ್ದಾಗ ಚಿಕ್ಕಮ್ಮನ ದನದ ಫಾರ್ಮಿನಲ್ಲಿ ಒಂದು ಸಂಗತಿ ಗಮನಿಸಿದಳು. ಚುಚ್ಚುಮದ್ದು ಹಾಕಲು ಎರಡು ಬದಿಯಿಂದ ಒತ್ತಿ ಹಿಡಿದ ದನಗಳು ಶಾಂತವಾಗುತ್ತಿದ್ದವು. ತನಗೂ ಅಂಥದೊಂದು ಯಂತ್ರ ಮಾಡಿಕೊಂಡಳು. ಮುಂದೆ ಪಶುವಿಜ್ಞಾನದ ಪ್ರೊಫೆಸರ್ ಆದಳು. ಒತ್ತಡ ಹಿತವಾಗುತ್ತದೆ ಎಂಬುದು ಎಷ್ಟೋ ಮಕ್ಕಳ ಅನುಭವ. ನಿಮ್ಮ ಮಗ ಜೋಳದ ಚೀಲಗಳ ನಡುವೆ ಯಾಕೆ ಹೊಕ್ಕುತ್ತಾನೋ ಅದನ್ನು ಅವನೇ ಕಂಡುಕೊಂಡಿರಬೇಕು. ಆದರೆ 2014ರಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ಭಾರದ ಕಂಬಳಿ ಪರೀಕ್ಷಿಸಿದಾಗ ನಿದ್ದೆ ಹೆಚ್ಚಲಿಲ್ಲ. ಮಕ್ಕಳಿಗೂ ಪಾಲಕರಿಗೂ ಮಾತ್ರ ಅದು ಇಷ್ಟವಾಗಿತ್ತು. ಸಾವಿರಾರು ರೂಪಾಯಿ ಕಂಬಳಿ ಯಾಕೆ ಬೇಕು? ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತದಲ್ಲ! ಹಳೇ ಸೀರೆಯದಾದರೆ ಮೆತ್ತಗೂ ಇರುತ್ತದೆ. ಒಂದು ಎಚ್ಚರ: ಮುಖ ಮುಚ್ಚಬಾರದು, ಸುತ್ತಿ ಕಟ್ಟಬಾರದು, ತಾನೇ ಸರಿಸಿ ಎದ್ದು ಬರುವಂತಿರಬೇಕು. 2008ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಭಾರದ ಕಂಬಳಿಯಲ್ಲಿ ಸುತ್ತಿಟ್ಟ 9 ವರ್ಷದ ಹುಡುಗನೊಬ್ಬ ತೀರಿಹೋದ.

ನೀವು ಬರೆಯದಿದ್ದರೂ ನಾಳೆ ಯಾರಾದರೂ ಹೇಳುವ ಇನ್ನೆರಡು ಮಾತುಗಳಿವೆ. ಒಂದು, ಹೆಸರಿಲ್ಲದ ಪುಡಿ, ಭಸ್ಮ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಔಷಧಿ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮಕ್ಕಳ ಮೆದುಳಿಗೇ ಪೆಟ್ಟು. ಓದಿ ಪದವಿ ಪಡೆದ ಆಯುರ್ವೇದ ವೈದ್ಯರಿಂದ, ಚೀಟಿ ಬರೆಸಿಕೊಂಡು, ಏನೇನು ಹಾಕಿದ್ದಾರೆಂದು ಕೇಳಿ ತಗೊಳ್ಳುವುದು ಬೇರೆ ಮಾತು. ಎರಡನೆಯದು ಸ್ಟೆಮ್ ಸೆಲ್ ಇಂಜೆಕ್ಷನ್. ಲಕ್ಷಗಟ್ಟಲೆ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮದಲ್ಲಿ ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಉಳಿದದ್ದಕ್ಕೆ ಅದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆಂಬ ಕೀಲೇಶನ್‌ನಿಂದ 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಆಟಿಸಂ ಹುಡುಗ ಸತ್ತ.

ಹಾಗಾದರೆ ಆಕ್ಯುಪೇಷನಲ್ ಥೆರಪಿ? ಅದೂ ಪವಾಡವಲ್ಲ. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏರ್ಸ್ ಪದ್ಧತಿಯ ಥೆರಪಿ ಪಡೆದವರ ಸಿಟ್ಟು-ರಂಪಾಟ ಉಳಿದವರಿಗಿಂತ ಕಡಿಮೆಯಾಗಲಿಲ್ಲ. ಆದರೂ ಒಳ್ಳೆ ಥೆರಪಿಸ್ಟ್ ಸಿಕ್ಕರೆ ನಾನು ಹೋಗಿ ಎನ್ನುತ್ತೇನೆ. ಅವರು ಮಗುವನ್ನು ನೋಡಿ, ಯಾವುದು ತಡೆಯುವುದಿಲ್ಲ, ಯಾವುದು ಹಿತ ಎಂದು ನಿಮಗೆ ಬಿಡಿಸಿ ಹೇಳುತ್ತಾರೆ. ಮನೆ, ಶಾಲೆ ಹೇಗೆ ಬದಲಿಸಬೇಕೆಂದು ಕಲಿಸುತ್ತಾರೆ. "ಇಷ್ಟು ಸಿಟ್ಟಿಂಗ್ ಆದರೆ ಪೂರಾ ಗುಣ" ಎನ್ನುವವರ ಕಡೆ ಹೋಗಬೇಡಿ. ಮತ್ತು ಒಂದು ಸಲಕ್ಕೆ ಒಂದೇ ಉಪಾಯ ಮಾಡಿ. ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತು ಅತ್ತ, ಏನು ತಿಂದ, ಯಾವಾಗ ಮಲಗಿದ. ಮೂರು ತಿಂಗಳಲ್ಲಿ ಫರಕು ಕಾಣದಿದ್ದರೆ ನಿಲ್ಲಿಸಿ. ನಾಲ್ಕನ್ನು ಒಟ್ಟಿಗೆ ಸುರು ಮಾಡಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಅಲ್ಲಿಯವರೆಗೆ ರೊಕ್ಕವಿಲ್ಲದೆ ಮಾಡುವಂಥವು ಬಹಳ ಇವೆ. ಪಂಚಮಿಗೆ ಕಟ್ಟುವ ಜೋಕಾಲಿ ವರ್ಷವಿಡೀ ಇರಲಿ, ತಗ್ಗಿಗೆ ಕಟ್ಟಿ, ಬೇಕೆಂದಾಗ ಕೂರಲಿ, ಸಾಕೆಂದಾಗ ಇಳಿಯಲಿ. ರೊಟ್ಟಿ ಹಿಟ್ಟು ನಾದಲು ಕೊಡಿ, ಮುಟ್ಟಲು ಒಲ್ಲೆ ಎಂದರೆ ಮೊದಲು ಒಣ ಜೋಳದಲ್ಲಿ ಕೈ ಆಡಿಸಲಿ. ನೀರಿನ ಕೊಡ ತಳ್ಳಲಿ, ಹಸಿ ಕಡಲೆ ಗಿಡ ಕೀಳಲಿ. ಅಂಗಿಯನ್ನು ನಾಲ್ಕು ಸಲ ಒಗೆದು ಕೊಡಿ, ಲೇಬಲ್ ಕತ್ತರಿಸಿ, ಬೇಕಿದ್ದರೆ ಬನಿಯನ್ ಒಳಮೈ ಹೊರಮಾಡಿ ಹಾಕಿ. ಎಣ್ಣಿ ಹಚ್ಚುವಾಗ ಸವರಬೇಡಿ, ಗಟ್ಟಿಯಾಗಿ ಒತ್ತಿ ಹಚ್ಚಿ. ಮೃದು ಸ್ಪರ್ಶ ಕೆಲವು ಮಕ್ಕಳಿಗೆ ಇರುವೆ ಹರಿದಂತಾಗುತ್ತದೆ. ಹಲಗಿ ಬರುವ ಹೊತ್ತು ಮುಂಚೆಯೇ ಹೇಳಿ, ಕಿವಿ ಮುಚ್ಚುವ ಇಯರ್‌ಮಫ್ ಕೊಡಿ, ಅಥವಾ ಆ ಸಂಜೆ ಹೊಲದ ಗುಡಿಸಲಿಗೆ ಕರೆದುಕೊಂಡು ಹೋಗಿ. ದಿನವಿಡೀ ಕಿವಿ ಮುಚ್ಚಿಡಬೇಡಿ. ಊಟದಲ್ಲಿ ಹೊಸದನ್ನು ತಟ್ಟೆಯ ಅಂಚಿಗೆ ಇಡಿ, ತಿನ್ನು ಎನ್ನಬೇಡಿ. ತೂಕ ಇಳಿದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಶಾಲೆಯ ಮಾಸ್ತರರಿಗೂ ಹೇಳಿ: ಗಂಟೆಯಿಂದ ದೂರ ಕೂರಿಸಲಿ, ಯೂನಿಫಾರ್ಮ್ ಒಳಗೆ ಮೆತ್ತನೆಯ ಬನಿಯನ್ ಹಾಕಲು ಬಿಡಲಿ. ಆಟಿಸಂ ಎಂದು ನಿರ್ಧಾರವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನ ಬೆನ್ನಿಗಿದೆ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಖರ್ಚು ಸಿಗುತ್ತದೆ, ಥೆರಪಿಗೂ ಸೇರಿ.

ಅತ್ತೆಯವರ ಮಾತು ಉಳಿಯಿತು. ಬರಿಗೆ ಒಲ್ಲೆ ಎಂದರೆ ತಾಯತಕ್ಕೆ ಹಟ ಹಿಡಿಯುತ್ತಾರೆಂದು ಬರೆದಿದ್ದೀರಿ. ಕಟ್ಟಿಸಿಕೊಳ್ಳಲಿ ಬಿಡಿ, ಅವರ ಜೀವವೂ ಮೊಮ್ಮಗನ ಮೇಲೆಯೇ ಇದೆ. ಆದರೆ ಕೊರಳಿಗೆ ಕರಿದಾರ ಕಟ್ಟಿದರೆ ಆ ಹುಡುಗನಿಗೆ ಅದೂ ಚುಚ್ಚುತ್ತದೆ. "ಅತ್ತಿ, ಮಲಗೂ ಮಂಚದ ಕಾಲಿಗೆ ಕಟ್ಟೂಣು" ಅನ್ನಿ. ಒಪ್ಪುತ್ತಾರೆ.