ಬಾಡಿದ ಗಿಡಕ್ಕೆಲ್ಲ ಬಾಯಾರಿಕೆಯೇ?

ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಅತಿಯಾಗಿ ಸಾಯುವುದೇ ಹೆಚ್ಚು ಎಂದು ನಾವು ಹೇಳಿದರೆ ಸುರಪುರ ಸೀಮೆಯ ವಾಚಕರು ನಕ್ಕುಬಿಡಬಹುದು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವ, ಕಲ್ಲುಬೆಟ್ಟಗಳು ಹೊತ್ತು ಮುಳುಗಿದ ಮೇಲೂ ಕಾವು ಬಿಡದ ನಾಡು ಅದು. ಅಲ್ಲಿ ನೀರು ಅತಿಯಾಗುವುದೆಂದರೇನು? ಆದರೂ ನಮ್ಮ ಮಾತನ್ನು ಹಿಂದೆಗೆದುಕೊಳ್ಳಲು ನಾವು ಸಿದ್ಧರಿಲ್ಲ. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಂತಹ ಊರಿನ ಮನೆಯಂಗಳವನ್ನು ನೆನೆಯಿರಿ. ಒಂದು ತುಳಸಿ, ಒಂದು ದಾಸವಾಳ, ಒಂದು ಕರಿಬೇವು, ಅನುಕೂಲವಿದ್ದರೆ ಒಂದು ಗುಲಾಬಿ. ಮಣ್ಣಿನ ಕುಂಡ ಒಂದೆರಡು. ಉಳಿದವು ಸಿಮೆಂಟಿನವು, ಒಡೆದ ಪ್ಲಾಸ್ಟಿಕ್ ಬಕೆಟ್ಟುಗಳು, ಹಳೆಯ ಎಣ್ಣೆಯ ಡಬ್ಬಿಗಳು. ಡಬ್ಬಿಯ ತಳಕ್ಕೆ ತೂತು ಇದೆಯೇ ಎಂದು ಕೇಳಿದವರು ಕಡಮೆ.

ಗಿಡದ ಎಲೆ ಜೋತುಬಿದ್ದರೆ ಒಂದು ತಂಬಿಗೆ ನೀರು. ಸಂಜೆಗೂ ಚೇತರಿಸದಿದ್ದರೆ ಇನ್ನೊಂದು ತಂಬಿಗೆ. ಎಲೆ ಹಳದಿಯಾದರೆ ಒಂದು ಹಿಡಿ ಯೂರಿಯಾ. ಹದಿನೈದು ದಿವಸಗಳಲ್ಲಿ ಗಿಡ ಸತ್ತರೆ, "ನಮ್ಮ ಕೈಗುಣ ಸರಿಯಿಲ್ಲ" ಎಂಬ ತೀರ್ಮಾನ. ರೋಗಿಯ ನಾಡಿಯನ್ನು ಮುಟ್ಟದೆ ಮದ್ದು ಕೊಡುವ ವೈದ್ಯನನ್ನು ನಾವು ಒಪ್ಪುವುದಿಲ್ಲ. ಗಿಡದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಅಂತಹ ವೈದ್ಯರೇ. ಕೈಗುಣವೆಂದು ಜನ ಕರೆಯುವುದು ಗಿಡವನ್ನು ಪರೀಕ್ಷಿಸಿ ನೋಡುವ ಅಭ್ಯಾಸವಲ್ಲದೆ ಬೇರೆಯಲ್ಲ, ಆ ಅಭ್ಯಾಸವನ್ನು ಶಾಲೆಯಲ್ಲೇ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಬಾಡುವುದೆಂದರೇನು ಎಂಬುದನ್ನು ಮೊದಲು ವಿಚಾರಿಸೋಣ. ಎಲೆಗಳ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಹೊರಹೋಗುತ್ತಲೇ ಇರುತ್ತದೆ. ಇದಕ್ಕೆ ಬಾಷ್ಪವಿಸರ್ಜನೆಯೆಂದು ಹೆಸರು. ಹೋದಷ್ಟನ್ನು ಬೇರು ತುಂಬಿಕೊಡಬೇಕು. ಆದಾಯಕ್ಕಿಂತ ವೆಚ್ಚ ಹೆಚ್ಚಾದರೆ ಎಲೆಯ ಕೋಶಗಳ ಬಿಗುಪು ಸಡಿಲಿ ಎಲೆ ಜೋಲುತ್ತದೆ. ಈ ವೆಚ್ಚವನ್ನು ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದಲ್ಲಿ ಬೆಳೆದ ಒಂದು ಸೂರ್ಯಕಾಂತಿ ಗಿಡವನ್ನು ತೆಗೆದುಕೊಂಡು, ಮಣ್ಣಿನಿಂದ ನೇರವಾಗಿ ನೀರು ಆವಿಯಾಗದಂತೆ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗ್ಗೆ ಸಂಜೆ ಅವನು ತೂಗಿದನು. ಮೂರೂವರೆ ಅಡಿ ಎತ್ತರದ ಆ ಗಿಡ ಹಗಲೊಂದಕ್ಕೆ ಸರಾಸರಿ 20 ಔನ್ಸ್, ಎಂದರೆ ಸುಮಾರು 570 ಗ್ರಾಂ ನೀರನ್ನು ಹೊರಬಿಡುತ್ತಿತ್ತು. 1727ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಲೆಕ್ಕವಿದೆ. ಇಂಗ್ಲೆಂಡಿನ ತಂಪಾದ ಬೇಸಗೆಯಲ್ಲೇ ಇಷ್ಟಾದರೆ ನಮ್ಮ ಏಪ್ರಿಲ್ ತಿಂಗಳಲ್ಲಿ ಎಷ್ಟಾದೀತೆಂದು ವಾಚಕರೇ ಊಹಿಸಬಹುದು.

ಆದುದರಿಂದ ಮಧ್ಯಾಹ್ನ ಎರಡು ಗಂಟೆಗೆ ದಾಸವಾಳ ಬಾಡಿದ್ದರೆ ಅದು ರೋಗವೂ ಅಲ್ಲ, ಮಣ್ಣಿನಲ್ಲಿ ನೀರಿಲ್ಲವೆಂಬುದಕ್ಕೆ ಸಾಕ್ಷಿಯೂ ಅಲ್ಲ. ಆ ಹೊತ್ತಿನ ವೆಚ್ಚಕ್ಕೆ ಬೇರಿನ ವೇಗ ಸಾಲದೆ ಹೋಗಿದೆ, ಅಷ್ಟೆ. ಗಿಡವನ್ನು ನೋಡತಕ್ಕ ಹೊತ್ತು ಸೂರ್ಯೋದಯ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಮೇಲೂ ಎಲೆ ಜೋತಿದ್ದರೆ ಮಾತ್ರ ಚಿಂತಿಸಬೇಕು. ಆಗಲೂ ಕಾರಣ ಎರಡಿರಬಹುದು: ಮಣ್ಣಿನಲ್ಲಿ ನೀರಿಲ್ಲ, ಇಲ್ಲವೆ ನೀರಿದ್ದರೂ ಕುಡಿಯುವ ಶಕ್ತಿ ಬೇರಿಗಿಲ್ಲ.

ಎರಡನೆಯದನ್ನು ಜನ ನಂಬುವುದೇ ಕಷ್ಟ. ಬೇರೂ ಉಸಿರಾಡುತ್ತದೆ, ಅದಕ್ಕೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿದ್ದರೆ ಅದು ದೊರೆಯುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಆಮ್ಲಜನಕ ಒಳಸೇರುತ್ತದೆ. ಉಸಿರುಕಟ್ಟಿದ ಬೇರು ಮೊದಲು ನೀರು ಹೀರುವುದನ್ನು ನಿಲ್ಲಿಸುತ್ತದೆ, ಅನಂತರ ಕೊಳೆಯುತ್ತದೆ. ಮೇಲಿರುವ ಎಲೆ ಕೊಳದ ನಡುವೆ ಬಾಯಾರಿ ಬಾಡುತ್ತದೆ. ಅದನ್ನು ಕಂಡು ಇನ್ನೊಂದು ತಂಬಿಗೆ ಸುರಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ.

ಹಾಗಾದರೆ ಭತ್ತ ಹೇಗೆ ನಿಂತ ನೀರಿನಲ್ಲಿ ಬೆಳೆಯುತ್ತದೆಂದು ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಕೇಳಿಯೇ ಕೇಳುತ್ತಾನೆ. ಭತ್ತದ ಕಾಂಡ ಮತ್ತು ಬೇರುಗಳಲ್ಲಿ ಗಾಳಿ ಸಾಗುವ ಟೊಳ್ಳು ಹಾದಿಗಳಿವೆ. ಎಲೆಯಿಂದ ಆಮ್ಲಜನಕ ಬೇರಿನ ತುದಿಗೆ ಇಳಿಯುತ್ತದೆ. ತುಳಸಿಗೂ ಗುಲಾಬಿಗೂ ಆ ಸೌಕರ್ಯವಿಲ್ಲ.

ಇನ್ನು ಮಣ್ಣಿನ ಮಾತು. ಸುರಪುರ, ಶಹಾಪುರ ಸೀಮೆಯಲ್ಲಿ ಸುಲಭವಾಗಿ ಸಿಗುವುದು ಎರೆಮಣ್ಣು. ಹೊಲದಲ್ಲಿ ಅದರಂತಹ ಮಣ್ಣಿಲ್ಲ: ಹಿಂಗಾರಿ ಜೋಳ ಹೆಚ್ಚು ಮಳೆಯಿಲ್ಲದೆಯೇ ಬೆಳೆಯುವುದು ಅದು ಹಿಡಿದಿಟ್ಟ ತೇವದಿಂದ. ಕುಂಡದಲ್ಲಿ ಮಾತ್ರ ಅದು ಎರಡು ಬಗೆಯಲ್ಲಿ ಮೋಸಮಾಡುತ್ತದೆ. ನೆನೆದಾಗ ಉಬ್ಬಿ ಸಂದುಗಳನ್ನೆಲ್ಲ ಮುಚ್ಚುತ್ತದೆ. ಒಣಗಿದಾಗ ಕುಗ್ಗಿ, ಕುಂಡದ ಗೋಡೆಯಿಂದ ಬಿಟ್ಟುಕೊಂಡು ಸುತ್ತಲೂ ಬಿರುಕಾಗುತ್ತದೆ. ಆಗ ಮೇಲಿನಿಂದ ಎರೆದ ನೀರು ಆ ಬಿರುಕಿನಲ್ಲಿ ಇಳಿದು ಕ್ಷಣಮಾತ್ರದಲ್ಲಿ ತಳದ ತೂತಿನಿಂದ ಹೊರಬರುತ್ತದೆ. ನೀರು ತಳಕ್ಕೆ ಮುಟ್ಟಿತು, ಗಿಡಕ್ಕೆ ಸಾಕಾಯಿತು ಎಂದು ಮನೆಯವರು ಸಮಾಧಾನಪಡುತ್ತಾರೆ. ನಡುವಿನ ಬೇರುಮುದ್ದೆ ಇಟ್ಟಿಗೆಯಂತೆ ಒಣಗಿಯೇ ಇರುತ್ತದೆ. ಇಂತಹ ಕುಂಡವನ್ನು ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿಟ್ಟು ತೆಗೆಯುವುದೊಂದೇ ಉಪಾಯ. ಮುಂದಿನ ಸಲ ಎರೆಮಣ್ಣಿಗೆ ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಬೇಕು.

ತಳದಲ್ಲಿ ಹೆಂಚಿನ ಚೂರುಗಳನ್ನು ನಾಲ್ಕು ಬೆರಳು ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆಯೊಂದುಂಟು. ಅದು ಸರಿಯಲ್ಲ. ಸಣ್ಣ ಕಣದ ಮಣ್ಣು ತನ್ನ ಸಂದುಗಳಲ್ಲಿ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ. ಪೂರ್ಣವಾಗಿ ತೊಯ್ಯುವವರೆಗೆ ಕೆಳಗಿನ ದೊಡ್ಡ ಸಂದುಗಳಿಗೆ ಅದನ್ನು ಬಿಟ್ಟುಕೊಡದು. ಜೌಗಿನ ಪದರ ಹೆಂಚಿನ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೆ. ಮಣ್ಣು ಜಾರದಂತೆ ತೂತಿನ ಮೇಲೊಂದು ಚೂರು ಸಾಕು.

ಬೆರಳು ಊರಿ ತೇವ ನೋಡಿರಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಎರೆಮಣ್ಣಿನಲ್ಲಿ ಬೆರಳನ್ನು ಪೂರ್ಣವಾಗಿ ನಂಬುವಂತಿಲ್ಲ. ಜಿಗುಟುಮಣ್ಣು ತನ್ನ ನೀರಿನ ಒಂದು ಪಾಲನ್ನು ಬೇರಿಗೂ ಬಿಡದಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮುಟ್ಟಿದರೆ ತಣ್ಣಗಿದ್ದರೂ ಗಿಡ ಬಾಯಾರಿರಬಹುದು. ಹೇಲ್ಸನ ತಕ್ಕಡಿಯೇ ಇಲ್ಲಿ ಮೇಲು. ತಕ್ಕಡಿ ಇಲ್ಲದಿದ್ದರೆ ಎರಡು ಕೈಗಳಿವೆ. ಚೆನ್ನಾಗಿ ನೀರುಣಿಸಿ ಬಸಿದ ಕುಂಡವನ್ನೊಮ್ಮೆ ಎತ್ತಿ ನೋಡಬೇಕು. ಗಿಡ ಬೆಳಗಿನಲ್ಲೇ ಸೊರಗತೊಡಗಿದ ದಿವಸ ಮತ್ತೊಮ್ಮೆ ಎತ್ತಿ ನೋಡಬೇಕು. ಈ ಎರಡು ತೂಕಗಳ ನಡುವಣ ಅಂತರ ಕೈಗೆ ಪರಿಚಯವಾದರೆ ಎಂದು ನೀರು ಬೇಕೆಂಬುದನ್ನು ಕುಂಡವೇ ಹೇಳುತ್ತದೆ. ಬಿತ್ತುವ ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ "ಹದಕ್ಕೆ ಬಂದಿದೆ" ಎನ್ನುವ ರೈತನ ಪರೀಕ್ಷೆಯೂ ಇದೇ ಜಾತಿಯದು. ತುಳಸಿಗೆ ನಿತ್ಯ ನೀರೆರೆಯುವ ಮನೆಯವರಿಗೆ ಮಾತ್ರ ಒಂದು ಬಿನ್ನಹ: ಮಳೆಗಾಲದಲ್ಲಿ ಪೂಜೆಗೆ ಒಂದು ಉದ್ಧರಣೆ ನೀರು ಸಾಕು, ತಂಬಿಗೆ ಬೇಡ.

ಹಳದಿ ಎಲೆಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಹಳದಿ ಬಣ್ಣಕ್ಕಿಂತ ಅದು ಎಲ್ಲಿ ಮೊದಲು ಕಾಣಿಸಿತೆಂಬುದು ಮುಖ್ಯ. ಸಾರಜನಕ ಕಡಮೆಯಾದಾಗ ಗಿಡ ಹಳೆಯ ಎಲೆಗಳಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತದೆ. ಆದ್ದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹೀಗೆ ಸಾಗಿಸಲು ಗಿಡಕ್ಕೆ ಬಾರದು. ಅದರ ಕೊರತೆಯಲ್ಲಿ ಚಿಗುರೇ ಬಿಳಿಚಿಕೊಂಡು, ನರಗಳು ಮಾತ್ರ ಹಸಿರು ಜಾಲದಂತೆ ಉಳಿಯುತ್ತವೆ. ಸುಣ್ಣದ ಅಂಶವಿರುವ ಎರೆಮಣ್ಣಿನಲ್ಲಿ, ಕೊಳವೆಬಾವಿಯ ಗಡಸುನೀರು ಹಾಕಿದ ಕುಂಡಗಳಲ್ಲಿ, ದಾಸವಾಳಕ್ಕೂ ಗುಲಾಬಿಗೂ ಹೀಗಾಗುವುದುಂಟು. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಕ್ಷಾರದಿಂದಾಗಿ ಅದು ಕರಗದೆ ಕುಳಿತಿದೆ. ಇಂತಹ ಗಿಡಕ್ಕೆ ಯೂರಿಯಾ ಹಾಕಿದರೆ ಪ್ರಯೋಜನವೇನು? ಹಸಿವಿನವನಿಗೆ ಹೊದಿಕೆ ಕೊಟ್ಟಂತೆ. ಕಬ್ಬಿಣದ ಲವಣವನ್ನು ಮಣ್ಣಿಗೆ ಸುರಿದರೆ ಅದೂ ಬಂಧಿತವಾಗುತ್ತದೆ. ತೆಳು ದ್ರಾವಣವನ್ನು ಎಲೆಗೆ ಸಿಂಪಡಿಸುವುದು ಮೇಲು. ಜೌಗಿನಲ್ಲಿ ಉಸಿರುಕಟ್ಟಿದ ಬೇರೂ ಸಾರಜನಕವನ್ನಾಗಲಿ ಕಬ್ಬಿಣವನ್ನಾಗಲಿ ಹೀರಲಾರದೆಂಬುದನ್ನು ಇಲ್ಲಿ ಸೇರಿಸಬೇಕು. ಅಂತಹ ಗಿಡದ ಹಳದಿಗೆ ಮದ್ದು ಗೊಬ್ಬರದ ಚೀಲದಲ್ಲಿಲ್ಲ, ತಳದ ತೂತಿನಲ್ಲಿದೆ.

ಗೊಬ್ಬರ ಎಷ್ಟು ಬೇಕು? ಬೆಲ್ಜಿಯಮ್ಮಿನ ವಾನ್ ಹೆಲ್ಮಾಂಟನು 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿಯೊಂದನ್ನು ನೆಟ್ಟು ಐದು ವರ್ಷ ನೀರೆರೆದನು. ಗಿಡ ಸುಮಾರು 169 ಪೌಂಡಾಯಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. 1648ರಲ್ಲಿ, ಅವನ ಮರಣಾನಂತರ, ಈ ಪ್ರಯೋಗ ಪ್ರಕಟವಾಯಿತು. ಗಿಡವೆಲ್ಲ ನೀರಿನಿಂದಲೇ ಆಯಿತೆಂದು ಅವನು ಭಾವಿಸಿದ್ದು ತಪ್ಪು. ಗಾಳಿಯ ಇಂಗಾಲಾಮ್ಲವನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಆ ಎರಡು ಔನ್ಸನ್ನು ಮರೆಯಬಾರದು. ಗಿಡ ಮಣ್ಣಿನಿಂದ ತೆಗೆದುಕೊಳ್ಳುವ ಖನಿಜಾಹಾರ ಅತ್ಯಲ್ಪ. ಯೂರಿಯಾದ ನೂರು ಪಾಲಿನಲ್ಲಿ 46 ಪಾಲು ಸಾರಜನಕವೇ ಇದೆ. ಎಕರೆಗೆಂದು ತಯಾರಾದ ಆ ಗೊಬ್ಬರವನ್ನು ಕುಂಡಕ್ಕೆ ಹಿಡಿಗಟ್ಟಲೆ ಹಾಕುವುದು ಅನರ್ಥ. ಮಾವಿನ ಹೋಳಿಗೆ ಉಪ್ಪು ಬೆರೆಸಿದಾಗ ಅದು ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಮಣ್ಣಿನ ದ್ರಾವಣ ಬೇರಿನ ರಸಕ್ಕಿಂತ ಗಟ್ಟಿಯಾದರೆ ಬೇರಿಗೂ ಅದೇ ಗತಿ. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ಒದ್ದೆ ಮಣ್ಣಿನಲ್ಲೇ ಗಿಡ ಬಾಡುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲೂ ಅಂಚಿನಲ್ಲೂ ಬಿಳಿಯ ಪೊರೆ ಕಟ್ಟಿದ್ದರೆ ಲವಣ ಸೇರಿದೆಯೆಂದು ತಿಳಿಯಬೇಕು. ಆಗ ಗೊಬ್ಬರ ನಿಲ್ಲಿಸಿ, ಸಾಧ್ಯವಾದರೆ ಮಳೆಯ ನೀರನ್ನೇ, ಕುಂಡದ ಎರಡರಷ್ಟು ಅಳತೆಯಲ್ಲಿ ನಿಧಾನವಾಗಿ ಸುರಿದು ಬಸಿದುಬಿಡಬೇಕು.

ನಾಲ್ಕು ಕುಂಡಗಳ ವಿಷಯಕ್ಕೆ ಇಷ್ಟು ಮಾತೇಕೆಂದು ಕೇಳುವವರು ಊರಿನ ಆಚೆಗೆ ದೃಷ್ಟಿ ಹಾಯಿಸಲಿ. ಕೃಷ್ಣಾನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲ್ಲೂಕುಗಳ ಹೊಲಗಳಿಗೆ ನೀರು ತಂದಿತು. ಕಡಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ಕಾಲುವೆಯ ಕೆಳಗೆ ಭತ್ತ ವ್ಯಾಪಿಸಿತು. ಎರೆಭೂಮಿಯಲ್ಲಿ ಇಂಗಿದ ನೀರು ಹೊರಹೋಗಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲಕ್ಕೇರಿತು. ಅದರೊಡನೆ ಏರಿದ ಲವಣ, ನೀರು ಆವಿಯಾದ ಮೇಲೆ ನೆಲದ ಮೇಲೆ ಉಳಿಯಿತು. ಕೃಷ್ಣಾ ಅಚ್ಚುಕಟ್ಟಿನ ರೈತರು ಸವಳು-ಜವಳು ಎಂದು ಜೋಡಿಸಿ ಹೇಳುವ ಪಿಡುಗು ಇದೇ. ತೂತಿಲ್ಲದ ಎಣ್ಣೆಡಬ್ಬಿಗೂ ಬಸಿಗಾಲುವೆಯಿಲ್ಲದ ಹೊಲಕ್ಕೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರ. ಕುಂಡದ ಬಿಳಿಯ ಪೊರೆಯನ್ನು ಓದಬಲ್ಲ ಹುಡುಗಿ ನಾಳೆ ತನ್ನ ತಂದೆಯ ಹೊಲದ ಬಿಳಿಯ ಪೊರೆಯನ್ನೂ ಓದಬಲ್ಲಳು. ಕುಂಡ ಹಾಳಾದರೆ ಹೊಸ ಮಣ್ಣು ತುಂಬಬಹುದು. ಹೊಲಕ್ಕೆ ಹೊಸ ಮಣ್ಣನ್ನು ಎಲ್ಲಿಂದ ತರುವುದು?

ಈಗ ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ರೋಗದ ಹೆಸರು ಕೇಳುವ ಪದ್ಧತಿ ಬಂದಿದೆ. ನಾವು ಅದರ ವಿರೋಧಿಗಳಲ್ಲ. ಹುಳುವಿನ ಕಡಿತವನ್ನೋ ಎಲೆಯ ಚುಕ್ಕೆಯನ್ನೋ ಗುರುತಿಸಲು ಅದು ನೆರವಾದೀತು. ಆದರೆ ನೀರು ಕಡಮೆಯಾದ ಎಲೆ, ನೀರು ಹೆಚ್ಚಾದ ಎಲೆ, ಗೊಬ್ಬರ ಅತಿಯಾದ ಎಲೆ, ಈ ಮೂರೂ ಚಿತ್ರದಲ್ಲಿ ಒಂದೇ ಬಗೆಯಾಗಿ ಜೋತಿರಬಹುದು. ಚಿತ್ರಕ್ಕೆ ತೂಕವಿಲ್ಲ, ವಾಸನೆಯಿಲ್ಲ, ಬೇರು ಕಾಣುವುದಿಲ್ಲ.

ಪ್ರತಿವರ್ಷ ಜೂನ್ 5ರ ಪರಿಸರ ದಿನದಂದು ನಮ್ಮ ಪ್ರೌಢಶಾಲೆಗಳಲ್ಲಿ ಸಸಿ ನೆಡುವ ಸಮಾರಂಭ ನಡೆಯುತ್ತದೆ. ನೆಡುವುದು ಬೇಡವೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ವಿಜ್ಞಾನದ ಕೊಠಡಿಯಲ್ಲಿ ಒಂದು ತಕ್ಕಡಿಯೂ ಎರಡು ಟೊಮೇಟೊ ಗಿಡಗಳೂ ಇರಲಿ. ಒಂದು ಕುಂಡದ ತೂತನ್ನು ಮೇಣದಿಂದ ಮುಚ್ಚಿ, ನೀರು ಮೇಲೆ ನಿಲ್ಲುವಷ್ಟು ತುಂಬಿಸಿ. ಇನ್ನೊಂದಕ್ಕೆ ತೂಕ ನೋಡಿ ನೀರು ಕೊಡಿ. ಎರಡಕ್ಕೂ ಗೊಬ್ಬರ ಬೇಡ. ಎರಡು ಮೂರು ದಿವಸಗಳಲ್ಲಿ ಮೊದಲನೆಯದರ ಎಲೆತೊಟ್ಟುಗಳು ಮಡಿಸಿದ ಕೊಡೆಯ ಕಡ್ಡಿಗಳಂತೆ ಕೆಳಕ್ಕೆ ಬಾಗುತ್ತವೆ. ಗಾಳಿಯಿಲ್ಲದ ಬೇರಿನಲ್ಲಿ ಹುಟ್ಟಿದ ವಸ್ತುವೊಂದು ಎಲೆಗೇರಿ ಎಥಿಲೀನ್ ಅನಿಲವಾಗುವುದೇ ಇದಕ್ಕೆ ಕಾರಣ. ಬೆಳಗ್ಗೆ ಸಂಜೆ ತೂಕವನ್ನು ಹದಿನೈದು ದಿವಸ ಬರೆದಿಡಲಿ.

ಕೊನೆಗೆ ಗಿಡ ಸತ್ತರೆ ಅದನ್ನು ತಿಪ್ಪೆಗೆ ಎಸೆಯುವ ಮೊದಲು ಕುಂಡವನ್ನು ಬೋರಲು ಹಾಕಿ ಬೇರಿನ ಮುದ್ದೆಯನ್ನು ಹೊರತೆಗೆಯಬೇಕು. ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ, ಕೊಳೆತ ವಾಸನೆ ಬಂದರೆ ನೀರು ಅತಿಯಾಗಿದೆ. ಒಣ ನಾರಿನಂತೆ ಮುರಿದರೆ ನೀರು ಸಾಲದೆ ಹೋಗಿದೆ. ಬಿಳಿಯ ಬೇರುಗಳು ಮಣ್ಣೇ ಕಾಣದಂತೆ ಕುಂಡದ ಆಕಾರದಲ್ಲೇ ಸುತ್ತಿಕೊಂಡಿದ್ದರೆ, ಆ ಗಿಡಕ್ಕೆ ಬೇಕಾಗಿದ್ದದ್ದು ನೀರೂ ಅಲ್ಲ, ಗೊಬ್ಬರವೂ ಅಲ್ಲ. ಇದಕ್ಕಿಂತ ದೊಡ್ಡದಾದ ಕುಂಡ.