ಹಳದಿ ಬಳ್ಳಿಯ ಎಲೆತೊಟ್ಟು

ಲಡಾಖಿನ ಕಲ್ಲುಗೋಡೆ, ಮುಳ್ಳುಪೊದೆಗಳ ಮೇಲೆ ಬೇಸಿಗೆಯ ಕೊನೆಗೆ ಹಳದಿ ಹೂಗಳನ್ನು ತೂಗುಬಿಡುವ ಬಳ್ಳಿಯೊಂದಿದೆ. ಕ್ಲೆಮಾಟಿಸ್ ಕುಲದ್ದು. ಹೂವಿಗೆ ನಾಲ್ಕೇ ಎಸಳು, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪ. ಎಸಳೆಂದು ಕರೆದರೂ ಇದಕ್ಕೆ ದಳಗಳೇ ಇಲ್ಲ. ದಾಸವಾಳದಲ್ಲಿ ಮೊಗ್ಗನ್ನು ಕಾದು, ಹಸಿರಾಗಿಯೇ ಉಳಿದುಬಿಡುವ ಪುಷ್ಪಪತ್ರಗಳು ಇಲ್ಲಿ ಬಣ್ಣ ತಳೆದು ದಳಗಳ ಕೆಲಸವನ್ನೂ ವಹಿಸಿಕೊಂಡಿವೆ. ಹೂವು ಬೋರಲಾಗಿ ತೂಗುವುದರಿಂದ ಮಳೆಹನಿ ಪರಾಗಕ್ಕೆ ತಾಗುವುದಿಲ್ಲ.

ಈ ಬಳ್ಳಿಯನ್ನೂ ಅದರ ಹಳದಿ ಬಂಧುಗಳನ್ನೂ ವಿಂಗಡಿಸಲು ಹೋದ ಸಸ್ಯವಿಜ್ಞಾನಿಗಳು ಪಟ್ಟ ಪಾಡು ದೊಡ್ಡದು. 1753ರಲ್ಲಿ ಲಿನೇಯಸ್ ಒಂದನ್ನು ‘ಓರಿಯಂಟಾಲಿಸ್’ ಎಂದ. 1877ರಲ್ಲಿ ಮ್ಯಾಕ್ಸಿಮೋವಿಚ್ ಅದರದೇ ಒಂದು ಬಗೆಗೆ ‘ಟಾಂಗುಟಿಕಾ’ ಎಂದು ಹೆಸರಿಟ್ಟ. 1898ರಲ್ಲಿ ಕೊರ್ಶಿನ್‌ಸ್ಕಿ ಅದನ್ನು ಬೇರೆ ಪ್ರಭೇದವೆಂದೇ ಸಾರಿದ. ನಡುವೆ ‘ಟಿಬೆಟಾನಾ’ ಬಂತು. ಲಡಾಖಿನ ಬಳ್ಳಿಗೆ ‘ಲಡಾಖಿಯಾನಾ’ ಎಂಬ ಸ್ವಂತ ಹೆಸರು ದಕ್ಕಿದ್ದು 1989ರಲ್ಲಿ, ಗ್ರೇ-ವಿಲ್ಸನ್ ಅವರಿಂದ. ಎಲೆಯಂಚಿನ ಹಲ್ಲು, ಎಲೆಯ ಬೂದುಛಾಯೆ, ಹೂವಿನೊಳಗಿನ ಕೆಂಗಂದು ಚುಕ್ಕೆ ಇವೇ ಗುರುತು. ತೋಟಗಳಲ್ಲಿ ಈ ಬಳ್ಳಿಗಳು ಸಲೀಸಾಗಿ ಬೆರೆತು ಮಿಶ್ರತಳಿ ಹುಟ್ಟಿಸುತ್ತವೆ. ನರ್ಸರಿಯವರ ಚೀಟಿಯನ್ನು ಅಷ್ಟಾಗಿ ನಂಬುವಂತಿಲ್ಲ.

ನನ್ನನ್ನು ಕೇಳಿದರೆ ಹೂವಿಗಿಂತ ನೋಡಬೇಕಾದದ್ದು ಎಲೆತೊಟ್ಟು. ಹಾಗಲಕ್ಕೆ, ಸೋರೆಗೆ ಹಬ್ಬಲೆಂದೇ ಸುರುಳಿ ಕುಡಿಗಳಿವೆ. ಕ್ಲೆಮಾಟಿಸ್‌ಗೆ ಆ ಸೌಕರ್ಯವಿಲ್ಲ, ಎಲೆಯ ತೊಟ್ಟೇ ಅದರ ಕೈ. ಎಳೆಯ ತೊಟ್ಟು ಕಡ್ಡಿಗೆ ಸೋಕಿತೋ, ಸೋಕಿದ ಕಡೆಗೇ ಬಾಗಿ ಸುತ್ತು ಹಾಕುತ್ತದೆ. ಈ ಕುಲದ ಹಲವು ಬಳ್ಳಿಗಳನ್ನು ಬೆಳೆಸಿ ನೋಡಿದ ಡಾರ್ವಿನ್, ತೊಟ್ಟಿಗೆ ನೂಲಿನ ಕುಣಿಕೆಯೊಂದನ್ನು ತೂಗುಹಾಕಿದರೆ ಅಷ್ಟು ಹಗುರ ಭಾರಕ್ಕೂ ಅದು ಬಾಗುವುದನ್ನು ಕಂಡ. ಹಿಡಿತ ಸಿಕ್ಕ ತೊಟ್ಟು ದಿನಗಳಲ್ಲೇ ಉಬ್ಬಿ ಗಟ್ಟಿಯಾಗುತ್ತದೆ. ಎದುರಿಗಿರುವ, ಏನೂ ಸಿಗದ ತೊಟ್ಟು ತೆಳ್ಳಗೇ ಉಳಿಯುತ್ತದೆ. 1865ರಲ್ಲಿ ಪ್ರಬಂಧವಾಗಿ, 1875ರಲ್ಲಿ ಪುಸ್ತಕವಾಗಿ ಬಂದ ಈ ಕೆಲಸವನ್ನು ಡಾರ್ವಿನ್ನನ ಭಕ್ತರೂ ಅಷ್ಟಾಗಿ ಓದುವುದಿಲ್ಲ.

ಹೂವು ಮುಗಿದ ಮೇಲೆ ಪ್ರತಿ ಬೀಜಕ್ಕೂ ರೇಷ್ಮೆಯ ಬಾಲ ಬೆಳೆಯುತ್ತದೆ. ಹೂವಿನ ಶಲಾಕೆಯೇ ಉದ್ದವಾಗಿ, ಮೈತುಂಬ ರೋಮ ತಳೆದು ಗಾಳಿಗೆ ಹಾರಲು ಸಿದ್ಧವಾಗುವ ಬಗೆ ಇದು. ಈ ಹಾರಾಟ ಎಲ್ಲ ಕಡೆಗೂ ಹಿತವಲ್ಲ. ಅಲಂಕಾರಕ್ಕೆಂದು ತಂದ ಓರಿಯಂಟಾಲಿಸ್ ಬೇಲಿ ದಾಟಿ ಗಿಡಮರಗಳನ್ನು ಮುಚ್ಚತೊಡಗಿದ್ದರಿಂದ ಅಮೆರಿಕದ ಕೊಲರಾಡೊ ರಾಜ್ಯ ಅದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದೆ. ಬಳ್ಳಿಯದೇನು ತಪ್ಪು? ತಂದು ನೆಟ್ಟವರನ್ನು ಕೇಳಬೇಕು.

ತೊಟ್ಟಿನ ಈ ಕೈಚಳಕ ನೋಡಲು ಲಡಾಖಿಗೇ ಹೋಗಬೇಕಿಲ್ಲ. ಇದೇ ಕುಲದ, ಕೆನೆಬಣ್ಣದ ಸಣ್ಣ ಹೂಗಳ ‘ಗೌರಿಯಾನಾ’ ನಮ್ಮ ಪಶ್ಚಿಮಘಟ್ಟದಲ್ಲೇ ಪೊದೆಗಳ ಮೇಲೆ ಹಬ್ಬಿರುತ್ತದೆ. ಮುಂದಿನ ಸಲ ಘಟ್ಟ ಹತ್ತುವಾಗ ಗಾಡಿ ನಿಲ್ಲಿಸಿ ನೋಡಿ. ಆದರೆ ಎಲೆ ಕಿತ್ತು ಉಜ್ಜಬೇಡಿ: ಕ್ಲೆಮಾಟಿಸ್ ರಸ ತಾಗಿದರೆ ಚರ್ಮ ಉರಿದು ಗುಳ್ಳೆ ಏಳುವುದುಂಟು.